ಮನೆಯಲ್ಲಿ ಕಟ್ಟಿದ ವಿಮಾನಗಳು

ವಿಮಾನದ ಇತಿಹಾಸ ಎಂದರೆ ನಮ್ಮ ಪಠ್ಯಪುಸ್ತಕಗಳಲ್ಲಿ ಮೂರೇ ಅಧ್ಯಾಯ. ಮೊದಲು ರೈಟ್ ಸಹೋದರರು, ಆಮೇಲೆ ಎರಡು ಮಹಾಯುದ್ಧಗಳು, ಕೊನೆಗೆ ಜೆಟ್ ಯುಗ. ಯುದ್ಧ ಮಾಡಲಿಕ್ಕೂ ಅಲ್ಲದೆ, ಟಿಕೆಟ್ ಮಾರಲಿಕ್ಕೂ ಅಲ್ಲದೆ, ಸುಮ್ಮನೆ ಹಾರಬೇಕು ಅನ್ನಿಸಿ ಹಾರಿದವರ ಕತೆಗೆ ಅಲ್ಲಿ ಜಾಗವಿಲ್ಲ. ಹಾಗೆ ಬಿಟ್ಟುಹೋದವರ ಹಿಂದೆ ನಾನು ನಾಲ್ಕು ವರ್ಷದಿಂದ ಬಿದ್ದಿದ್ದೇನೆ. ವಸಾಹತು ಕಾಲದ ಭಾರತದ ಫ್ಲೈಯಿಂಗ್ ಕ್ಲಬ್ಬುಗಳು ನನ್ನ ಪಿಎಚ್.ಡಿ. ವಿಷಯ. ಕಡತಗಳನ್ನು ಓದಲು ಲಂಡನ್ನಿಗೆ ಹೊರಟಾಗ ನಮ್ಮ ಮಾರ್ಗದರ್ಶಕರು ಹೇಳಿದ ಮಾತು ಒಂದೇ: "ಬರೀ ಕಾಗದ ಓದಿಕೊಂಡು ಬರಬೇಡ. ಆ ವಿಮಾನಗಳನ್ನು ಕೈಯಿಂದ ಮುಟ್ಟಿ ನೋಡಿ ಬಾ."

ಮುಟ್ಟಿ ನೋಡಲು ಸಿಕ್ಕ ಜಾಗ ಸೈವೆಲ್. ಲಂಡನ್ನಿನಿಂದ ವೆಲ್ಲಿಂಗ್‌ಬರೋವರೆಗೆ ರೈಲು, ಅಲ್ಲಿಂದ ಟ್ಯಾಕ್ಸಿ. ನಾರ್ಥಾಂಪ್ಟನ್‌ಶೈರಿನ ಹೊಲಗಳ ನಡುವೆ 1928ರಲ್ಲಿ ಶುರುವಾದ ಸಣ್ಣ ವಿಮಾನ ನಿಲ್ದಾಣ ಅದು. ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಹುಡುಗರಿಗೆ ಟೈಗರ್ ಮಾತ್ ವಿಮಾನಗಳಲ್ಲಿ ಮೊದಲ ಪಾಠ ಹೇಳಿಕೊಡುತ್ತಿದ್ದರು, ಪೆಟ್ಟು ತಿಂದ ವೆಲ್ಲಿಂಗ್ಟನ್ ಬಾಂಬರುಗಳನ್ನು ರಿಪೇರಿ ಮಾಡುತ್ತಿದ್ದರು. ಬ್ರಿಟನ್ನಿನ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಬೇಸಿಗೆಯ ಕೊನೆಯ ವಾರಾಂತ್ಯದಲ್ಲಿ ಇಲ್ಲಿ ಹಲವು ವರ್ಷ ತನ್ನ ರ‍್ಯಾಲಿ ನಡೆಸಿದೆ. ಅಂಥದೊಂದು ರ‍್ಯಾಲಿಗೆ ನಾನು ಹೋಗಿದ್ದೆ.

'ಫ್ಲೈ-ಇನ್' ಎಂಬ ಪದಕ್ಕೆ ಕನ್ನಡ ಹುಡುಕುವ ಬದಲು ನಮ್ಮ ದನದ ಜಾತ್ರೆಯನ್ನು ನೆನೆಸಿಕೊಂಡರೆ ಸಾಕು. ಜನ ಎತ್ತುಗಳನ್ನು ಹೊಡೆದುಕೊಂಡು ಬಂದು, ಅವುಗಳ ಪಕ್ಕದಲ್ಲೇ ಒಲೆ ಹೂಡಿ, ರಾತ್ರಿ ಗಾಡಿಯ ಕೆಳಗೇ ಮಲಗಿ, ಬೆಳಗ್ಗೆ ಪಕ್ಕದವರ ಎತ್ತಿನ ಹಲ್ಲು ಎಣಿಸುತ್ತಾರಲ್ಲ, ಇದೂ ಹಾಗೆಯೇ. ಮೊದಲೇ ಗೊತ್ತುಮಾಡಿಕೊಂಡ ಹೊತ್ತಿಗೆ ಒಂದೊಂದೇ ವಿಮಾನ ಬಂದು ಇಳಿಯುತ್ತದೆ. ಹಳದಿ ಅಂಗಿ ತೊಟ್ಟ ಸ್ವಯಂಸೇವಕರು ಕೈಸನ್ನೆಯಲ್ಲಿ ಹುಲ್ಲುಗಾವಲಿನ ಸಾಲಿಗೆ ಕರೆದೊಯ್ಯುತ್ತಾರೆ. ಇಂಜಿನ್ ನಿಂತ ಐದು ನಿಮಿಷಕ್ಕೆ ರೆಕ್ಕೆಯ ಕೆಳಗೆ ಗುಡಾರ ಏಳುತ್ತದೆ, ಚಹಾಕ್ಕೆ ನೀರು ಕುದಿಯುತ್ತದೆ. ಆಮೇಲೆ ಇಡೀ ದಿನದ ಕೆಲಸ ಇನ್ನೊಬ್ಬರ ವಿಮಾನದೊಳಗೆ ತಲೆ ತೂರಿಸಿ ನೋಡುವುದು. ಒಂದು ಬದಿಯ ಮಳಿಗೆಗಳಲ್ಲಿ ರಿವೆಟ್ಟು, ಸೆಕೆಂಡ್ ಹ್ಯಾಂಡ್ ಮೀಟರು, ಬಟ್ಟೆ, ಅಂಟು, ಪ್ರೊಪೆಲ್ಲರ್ ಎಲ್ಲವೂ ಮಾರಾಟಕ್ಕಿವೆ. ಇನ್ನೊಂದು ಕಡೆ ರೆಕ್ಕೆಯ ಚೌಕಟ್ಟಿಗೆ ಬಟ್ಟೆ ಹೊದಿಸುವುದು ಹೇಗೆಂದು ತೋರಿಸುತ್ತಿದ್ದಾರೆ.

ಇಲ್ಲಿಯ ವಿಮಾನಗಳಲ್ಲಿ ಬಹಳಷ್ಟು ಕಾರ್ಖಾನೆಯಲ್ಲಿ ಹುಟ್ಟಿದವಲ್ಲ. ಮನೆಯ ಗ್ಯಾರೇಜಿನಲ್ಲಿ, ಕೊಟ್ಟಿಗೆಯಲ್ಲಿ, ಕೆಲವು ಮಲಗುವ ಕೋಣೆಯಲ್ಲಿ ಕಟ್ಟಿದವು. ಒಬ್ಬ ಸಾಮಾನ್ಯ ಮನುಷ್ಯ ತನ್ನ ಕೈಯಾರೆ ವಿಮಾನ ಕಟ್ಟಿ ಅದರಲ್ಲಿ ಹಾರಲು ಸರ್ಕಾರ ಹೇಗೆ ಒಪ್ಪಿತು? ಉತ್ತರಕ್ಕೆ ನೂರು ವರ್ಷ ಹಿಂದೆ ಹೋಗಬೇಕು.

1923ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲಿಮ್ ಎಂಬಲ್ಲಿ ಒಂದು ಸ್ಪರ್ಧೆ ನಡೆಯಿತು. ಇಂಜಿನ್ 750 ಸಿಸಿ ಮೀರಬಾರದು, ಅಂದರೆ ಇವತ್ತಿನ ದೊಡ್ಡ ಮೋಟಾರ್ ಬೈಕಿನಷ್ಟು. ಅಷ್ಟರಲ್ಲೇ ಯಾರು ಹೆಚ್ಚು ದೂರ ಹಾರುತ್ತಾರೆ ಎಂಬುದು ಪರೀಕ್ಷೆ. ಗೆದ್ದ ಎರಡು ವಿಮಾನಗಳು ಒಂದು ಗ್ಯಾಲನ್ ಪೆಟ್ರೋಲಿಗೆ 87.5 ಮೈಲಿ ಹಾರಿದವು. ಪತ್ರಿಕೆಗಳು ಸಂಭ್ರಮಿಸಿದವು. ಆದರೆ ಜೆಫ್ರಿ ಡಿ ಹ್ಯಾವಿಲೆಂಡ್ ಎಂಬ ವಿನ್ಯಾಸಕಾರರಿಗೆ ಇದು ಆಟಿಕೆಯಂತೆ ಕಂಡಿತು. ಗಾಳಿ ಬೀಸಿದರೆ ನಿಲ್ಲದ, ಇಬ್ಬರು ಕೂರಲಾಗದ ವಿಮಾನದಲ್ಲಿ ಯಾರೂ ಹಾರಲು ಕಲಿಯಲಾರರು ಎಂದು ಅವರು ಬೇರೆ ದಾರಿ ಹಿಡಿದರು. ಯುದ್ಧ ಮುಗಿದು ಗುಡ್ಡೆಬಿದ್ದಿದ್ದ ಎಂಟು ಸಿಲಿಂಡರಿನ ರೆನೋ ಇಂಜಿನ್‌ಗಳಿದ್ದವು. ಅದರ ಅರ್ಧ ಭಾಗ ಬಳಸಿ ಫ್ರಾಂಕ್ ಹಾಲ್ಫರ್ಡ್ ನಾಲ್ಕು ಸಿಲಿಂಡರಿನ ಹೊಸ ಇಂಜಿನ್ ಮಾಡಿಕೊಟ್ಟರು. ಅದನ್ನು ಹೊತ್ತ 'ಮಾತ್' 1925ರ ಫೆಬ್ರವರಿ 22ರಂದು ಮೊದಲ ಬಾರಿ ಹಾರಿತು. ಮರ, ಬಟ್ಟೆ, ಮಡಚಬಹುದಾದ ರೆಕ್ಕೆ. ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗಬಹುದಿತ್ತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಫ್ಲೈಯಿಂಗ್ ಕ್ಲಬ್ಬುಗಳಿಗೆ ಸಹಾಯಧನ ಘೋಷಿಸಿತು. ಯುದ್ಧ ಬಂದರೆ ಪೈಲಟ್‌ಗಳು ಸಿದ್ಧ ಇರಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು.

ಆ ಲೆಕ್ಕಾಚಾರದ ಗಾಳಿ ಭಾರತಕ್ಕೂ ಬೀಸಿತು. 1920ರ ದಶಕದ ಕೊನೆಯಲ್ಲಿ ದೆಹಲಿ, ಮುಂಬಯಿ, ಕರಾಚಿ, ಕಲ್ಕತ್ತೆಗಳಲ್ಲಿ ಕ್ಲಬ್ಬುಗಳು ಹುಟ್ಟಿದವು. ಸರ್ಕಾರ ಅವಕ್ಕೆ ಮಾತ್ ವಿಮಾನಗಳನ್ನು ಕೊಟ್ಟಿತು. ಮುಂಬಯಿಯ ಕ್ಲಬ್ಬಿನಲ್ಲಿ ಕಲಿತ ಜೆ.ಆರ್.ಡಿ. ಟಾಟಾ 1929ರ ಫೆಬ್ರವರಿ 10ರಂದು ಈ ದೇಶದ ಮೊದಲ ಪೈಲಟ್ ಲೈಸೆನ್ಸ್ ಪಡೆದರು. ಮರುವರ್ಷ ಆಗಾ ಖಾನ್ ಬಹುಮಾನಕ್ಕಾಗಿ ಭಾರತ ಮತ್ತು ಇಂಗ್ಲೆಂಡಿನ ನಡುವೆ ಒಂಟಿಯಾಗಿ ಹಾರಲು ಮೂವರು ಹೊರಟರು. ಅವರಲ್ಲಿ ಆಸ್ಪಿ ಇಂಜಿನಿಯರ್ ಸ್ಪಾರ್ಕ್ ಪ್ಲಗ್ ಇಲ್ಲದೆ ಈಜಿಪ್ಟಿನಲ್ಲಿ ಸಿಕ್ಕಿಬಿದ್ದಿದ್ದಾಗ, ಎದುರು ದಿಕ್ಕಿನಿಂದ ಬಂದ ಜೆ.ಆರ್.ಡಿ. ತಮ್ಮ ಬಳಿ ಇದ್ದುದನ್ನು ಕೊಟ್ಟರು. ಬಹುಮಾನ ಗೆದ್ದದ್ದು ಆಸ್ಪಿ.

ಇದರ ಮುಂದಿನ ಕೊಂಡಿ ನಮ್ಮ ಬಳ್ಳಾರಿಯಲ್ಲಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಪುಸ್ ಮಾತ್ ಎಂಬ ಲಘು ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದ್ ಮೂಲಕ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಮುಂದೆ ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯಲ್ಲಿ ಇಳಿಸಿ ಮದರಾಸಿಗೆ ಮುಟ್ಟಿಸಿದರು. ಅಹಮದಾಬಾದಿನಲ್ಲಿ ಆ ವಿಮಾನಕ್ಕೆ ಪೆಟ್ರೋಲ್ ಬಂದದ್ದು ಎತ್ತಿನ ಗಾಡಿಯಲ್ಲಿ. ಏರ್ ಇಂಡಿಯಾದ ವಂಶವೃಕ್ಷದ ಬೇರು ಇದು. ಶ್ರೀಮಂತರ ಹವ್ಯಾಸವೆಂದು ನಾವು ತಳ್ಳಿಹಾಕುವ ಪುಟ್ಟ ವಿಮಾನವೇ ನಮ್ಮ ನಾಗರಿಕ ವಿಮಾನಯಾನದ ತಾಯಿ.

ಹಾಗೆಂದು ಅದು ಶ್ರೀಮಂತರ ಹವ್ಯಾಸವಲ್ಲ ಎನ್ನಲಾಗದು. 1920ರ ದಶಕದ ಕೊನೆಗೆ ಒಂದು ಜಿಪ್ಸಿ ಮಾತ್ ಬೆಲೆ 650 ಪೌಂಡ್. ಇಂಗ್ಲೆಂಡಿನ ಕಾರ್ಖಾನೆ ಕಾರ್ಮಿಕರ ಸಂಬಳ ವಾರಕ್ಕೆ ಹೆಚ್ಚುಕಮ್ಮಿ 3 ಪೌಂಡ್. ಉಂಡು ಉಡದೆ ಕೂಡಿಟ್ಟರೂ ನಾಲ್ಕು ವರ್ಷ ಬೇಕು. ಈ ಗೋಡೆಯನ್ನು ಒಡೆಯಲು ಹೊರಟವರು ಫ್ರಾನ್ಸಿನ ಆನ್ರಿ ಮಿನ್ಯೆ. ಬಡಗಿ ಕೆಲಸ ಸ್ವಲ್ಪ ಬಂದರೆ ಸಾಕು, ಯಾರು ಬೇಕಾದರೂ ವಿಮಾನ ಮಾಡಬಹುದು ಎಂಬುದು ಅವರ ವಾದ. 1934ರಲ್ಲಿ ಅಳತೆ, ನಕ್ಷೆ ಸಮೇತ ಪುಸ್ತಕ ಬರೆದರು. ತಮ್ಮ ವಿಮಾನಕ್ಕೆ ಇಟ್ಟ ಹೆಸರು 'ಆಕಾಶದ ಹೇನು'. ಇಂಗ್ಲಿಷಿಗೆ ಬಂದಾಗ ಅದು 'ಹಾರುವ ಚಿಗಟ'ವಾಯಿತು. ಎರಡು ರೆಕ್ಕೆ ಹಿಂದೆ ಮುಂದೆ, ಕಾಲಿನ ಪೆಡಲ್ ಇಲ್ಲ, ಮುಂದಿನ ರೆಕ್ಕೆಯನ್ನೇ ಓರೆ ಮಾಡಿ ಏರುವುದು ಇಳಿಯುವುದು. ಖರ್ಚು ನೂರು ಪೌಂಡಿನೊಳಗೆ. 1935ರ ಆಗಸ್ಟಿನಲ್ಲಿ ಮಿನ್ಯೆ ಅದರಲ್ಲೇ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬಂದಾಗ ಬ್ರಿಟನ್ನಿಗೆ ಹುಚ್ಚು ಹಿಡಿಯಿತು. ನೂರಕ್ಕೂ ಹೆಚ್ಚು ಚಿಗಟಗಳು ನೋಂದಣಿಯಾದವು.

ಆಮೇಲೆ ಸಾವುಗಳು ಶುರುವಾದವು. ಕಡಿದಾಗಿ ಕೆಳಗಿಳಿದ ಚಿಗಟ ಮತ್ತೆ ಮೂತಿ ಎತ್ತುತ್ತಿರಲಿಲ್ಲ. 1936ರಲ್ಲಿ ಬ್ರಿಟನ್ ಮತ್ತು ಫ್ರಾನ್ಸಿನ ಗಾಳಿ ಸುರಂಗಗಳಲ್ಲಿ ಪೂರ್ಣ ಗಾತ್ರದ ವಿಮಾನವನ್ನೇ ಇಟ್ಟು ಪರೀಕ್ಷಿಸಿದಾಗ ಕಾರಣ ತಿಳಿಯಿತು. ಒಂದು ಕೋನ ಮೀರಿದರೆ ಎರಡು ರೆಕ್ಕೆಗಳ ನಡುವಿನ ಗಾಳಿಯ ಹರಿವೇ ವಿಮಾನವನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತಿತ್ತು. ಚಿಗಟದ ಹಾರಾಟ ನಿಂತಿತು.

ಇಲ್ಲಿ ಕತೆ ಮುಗಿಯಬಹುದಿತ್ತು. ಜನಸಾಮಾನ್ಯರ ಕೈಗೆ ವಿಮಾನ ಕೊಟ್ಟರೆ ಸಾಯುತ್ತಾರೆ, ಆದ್ದರಿಂದ ಕೊಡಬಾರದು ಎಂದು ಸರ್ಕಾರ ತೀರ್ಮಾನಿಸಬಹುದಿತ್ತು. ಆದರೆ ಯುದ್ಧ ಮುಗಿದ ಮೇಲೆ, 1946ರಲ್ಲಿ, ಹವ್ಯಾಸಿಗಳು ಅಲ್ಟ್ರಾ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿಕೊಂಡರು. ನಮ್ಮ ವಿಮಾನಗಳನ್ನು ನಾವೇ ತಪಾಸಣೆ ಮಾಡಿಕೊಳ್ಳುತ್ತೇವೆ, ನೀವು ನಮ್ಮ ಮಾತು ನಂಬಿ ಪರವಾನಗಿ ಕೊಡಿ ಎಂಬುದು ಅವರ ಬೇಡಿಕೆಯ ತಿರುಳು. ಆ ನಂಬಿಕೆ ಮೆಲ್ಲಗೆ ಬೆಳೆಯಿತು. ಸಂಘ 1952ರಲ್ಲಿ ಪಾಪ್ಯುಲರ್ ಫ್ಲೈಯಿಂಗ್ ಅಸೋಸಿಯೇಷನ್ ಆಯಿತು, 2008ರಲ್ಲಿ ಈಗಿನ ಹೆಸರು ಪಡೆಯಿತು. ಇಂದು ಎರಡು ಸಾವಿರಕ್ಕೂ ಹೆಚ್ಚು ವಿಮಾನಗಳು ಅದರ ಉಸ್ತುವಾರಿಯಲ್ಲಿ ಹಾರುತ್ತಿವೆ.

ಆ ನಂಬಿಕೆ ನೋಡಲು ಹೇಗಿರುತ್ತದೆ ಎಂಬುದನ್ನು ಸೈವೆಲ್‌ನಲ್ಲಿ ಒಬ್ಬ ನಿವೃತ್ತ ಶಾಲಾ ಮೇಷ್ಟ್ರು ತೋರಿಸಿದರು. ಅವರದು ಜೊಡೆಲ್ ಡಿ-9. 1948ರ ಫ್ರೆಂಚ್ ವಿನ್ಯಾಸ, ಒಬ್ಬರೇ ಕೂರುವಂಥದು, ರೆಕ್ಕೆಯ ತುದಿಗಳು ಮೇಲಕ್ಕೆ ಬಾಗಿವೆ. ಇಂಜಿನ್ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನದು. ಕಟ್ಟಲು ಹನ್ನೊಂದು ವರ್ಷ ಹಿಡಿಯಿತಂತೆ. ನಾನು ಇತಿಹಾಸದ ವಿದ್ಯಾರ್ಥಿ ಎಂದದ್ದೇ ತಡ, ಸೀಟಿನ ಹಿಂದಿನಿಂದ ಒಂದು ದಪ್ಪ ಪುಸ್ತಕ ತೆಗೆದರು. ಪ್ರತಿ ಹಂತಕ್ಕೂ ಸಂಘದ ತಪಾಸಣೆಗಾರರ ಸಹಿ. ರೆಕ್ಕೆಗೆ ಬಟ್ಟೆ ಹೊದಿಸಿ ಮುಚ್ಚುವ ಮೊದಲು ಬಂದು ಒಳಗನ್ನು ನೋಡಿ ಹಾಕಿದ ಸಹಿ. ಪುಟಗಳ ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಮರದ ಚೂರುಗಳಿದ್ದವು. ಇವೇನು ಎಂದು ಕೇಳಿದೆ.

"ಪ್ರತಿ ಸಲ ಅಂಟು ಕಲಸಿದಾಗಲೂ ಎರಡು ಚೂರು ಮರ ಅಂಟಿಸಿ, ಒಣಗಿದ ಮೇಲೆ ಮುರಿಯಬೇಕು," ಎಂದರು. "ಮರ ಸೀಳಿದರೆ ಅಂಟು ಚೆನ್ನಾಗಿದೆ ಅಂತ. ಅಂಟಿನ ಗೆರೆಯಲ್ಲೇ ಬಿಟ್ಟುಕೊಂಡರೆ ಅವತ್ತು ಮಾಡಿದ ಕೆಲಸವೆಲ್ಲ ಕಿತ್ತು ಹಾಕಬೇಕು."

"ಎಂದಾದರೂ ಕಿತ್ತಿದ್ದೀರಾ?"

"ಎರಡು ಸಲ. ಚಳಿಗಾಲದಲ್ಲಿ ಗ್ಯಾರೇಜು ತಣ್ಣಗಿತ್ತು. ನನ್ನ ಹೆಂಡತಿ ಆಮೇಲೆ ಹೀಟರ್ ತಂದುಕೊಟ್ಟಳು."

ಆ ಮುರಿದ ಚೂರುಗಳನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ನನ್ನ ಕಡತಗಳಲ್ಲಿ ಏನಿಲ್ಲ ಎಂಬುದು ಹೊಳೆಯಿತು. ನಾನು ಓದಿದ್ದೆಲ್ಲ ಸರ್ಕಾರದ ಕೈಬರಹ. ಎಷ್ಟು ಸಹಾಯಧನ, ಎಷ್ಟು ಲೈಸೆನ್ಸ್, ಎಷ್ಟು ಗಂಟೆ ಹಾರಾಟ. ಇಲ್ಲಿರುವುದು ಇನ್ನೊಂದು ಬಗೆಯ ದಾಖಲೆ. ತನ್ನ ಕೆಲಸವನ್ನು ತಾನೇ ಮುರಿದು ನೋಡಿದ ಮನುಷ್ಯನದು, ಅದನ್ನು ನೋಡಿ ಸಂಬಳವಿಲ್ಲದೆ ಸಹಿ ಹಾಕಿದ ಇನ್ನೊಬ್ಬನದು. ವಿಮಾನದೊಳಗೆ ಒಂದು ಫಲಕವಿದೆ. ಈ ವಿಮಾನ ಅಂತರರಾಷ್ಟ್ರೀಯ ಮಾನದಂಡದ ಪ್ರಮಾಣಪತ್ರ ಪಡೆದಿಲ್ಲ ಎಂದು ಕೂರುವವರಿಗೆ ಅದು ಮೊದಲೇ ಎಚ್ಚರಿಸುತ್ತದೆ. ಅಪಾಯವನ್ನು ಮುಚ್ಚಿಡದೆ ಹಂಚಿಕೊಳ್ಳುವುದೇ ಚಿಗಟದ ಸಾವುಗಳಿಂದ ಅವರು ಕಲಿತ ಪಾಠವಿರಬೇಕು.

ಪ್ರೊಪೆಲ್ಲರಿಗೆ ಒಂದು ರಟ್ಟು ತೂಗುಹಾಕಿತ್ತು: ಮಾರಾಟಕ್ಕಿದೆ. ಮೇಷ್ಟ್ರಿಗೆ ಈಗ ಕಣ್ಣು ಮಂಜು. ಮಕ್ಕಳಿಗೆ ಆಸಕ್ತಿಯಿಲ್ಲ. ಆ ಸಾಲಿನಲ್ಲಿ ಅಂಥ ರಟ್ಟುಗಳು ಇನ್ನೂ ಹಲವಿದ್ದವು. ಗುಡಾರಗಳ ಮುಂದೆ ಕುಳಿತ ತಲೆಗಳಲ್ಲಿ ನರೆಯದವು ಕಡಿಮೆ. ಹಾರುವುದನ್ನು ಜನಸಾಮಾನ್ಯರ ಹಕ್ಕಾಗಿ ಉಳಿಸಿಕೊಂಡ ಚಳವಳಿಗೆ ಈಗ ಎದುರಾಗಿರುವುದು ಸರ್ಕಾರವಲ್ಲ, ವಯಸ್ಸು.

ಎರಡನೇ ದಿನ ಎರಡು ವಿಮಾನಗಳ ಮುಂದೆ ನಾನು ಹೆಚ್ಚು ಹೊತ್ತು ನಿಂತೆ. ಒಂದು ಅಮೆರಿಕದ ಏರಾಂಕಾ ಚೀಫ್. ಎತ್ತರದ ರೆಕ್ಕೆ, ಬಟ್ಟೆಯ ಮೈ, ಅಕ್ಕಪಕ್ಕ ಎರಡು ಸೀಟು. ನೋಡಿದ ತಕ್ಷಣ ನಮ್ಮ ಪುಷ್ಪಕ ನೆನಪಾಯಿತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಇದನ್ನೇ ಹೋಲುವಂತೆ ತಯಾರಾಗಿ 1958ರಲ್ಲಿ ಮೊದಲು ಹಾರಿದ ಪುಷ್ಪಕ, 90 ಅಶ್ವಶಕ್ತಿಯದು, ನೂರೈವತ್ತಕ್ಕೂ ಹೆಚ್ಚು ತಯಾರಾಗಿ ದೇಶದ ಕ್ಲಬ್ಬುಗಳಿಗೆ ಹಂಚಿಹೋಯಿತು. ಇನ್ನೊಂದು ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಇಝಡ್. ಬಾಲ ಮುಂದೆ, ಪ್ರೊಪೆಲ್ಲರ್ ಹಿಂದೆ. ಹವ್ಯಾಸಿಗಳು ಮನೆಯಲ್ಲಿ ಕಟ್ಟಲೆಂದೇ ರೂಪಿಸಿದ್ದು. ಇದೇ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1987ರಲ್ಲಿ ಒಂದು ಸಂಶೋಧನಾ ವಿಮಾನ ಹಾರಿಸಿತು.

ಈ ಹೋಲಿಕೆಯಲ್ಲಿ ನಮ್ಮ ಇತಿಹಾಸದ ಒಂದು ತಿರುವು ಕಾಣುತ್ತದೆ. ಅಲ್ಲಿ ಒಬ್ಬರು ಗ್ಯಾರೇಜಿನಲ್ಲಿ ಮಾಡುವ ಕೆಲಸವನ್ನು ಇಲ್ಲಿ ರಾಷ್ಟ್ರೀಯ ಪ್ರಯೋಗಾಲಯ ಮಾಡಿತು. ಅಲ್ಲಿ ಸದಸ್ಯರೇ ಹಣ ಹಾಕಿ ಕೊಂಡ ವಿಮಾನ, ಇಲ್ಲಿ ಸರ್ಕಾರ ಕ್ಲಬ್ಬಿಗೆ ಕೊಟ್ಟದ್ದು. ಕೌಶಲಕ್ಕೆ ಬೆಂಗಳೂರಿನಲ್ಲಿ ಎಂದೂ ಬರವಿರಲಿಲ್ಲ. ಮೈಸೂರಿನ ಎಸ್.ವಿ. ಸೆಟ್ಟಿ 1912ರಷ್ಟು ಹಿಂದೆಯೇ ಇಂಗ್ಲೆಂಡಿನ ಎ.ವಿ. ರೋ ಕಂಪನಿಯಲ್ಲಿ ವಿಮಾನ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿತಿದ್ದರು. ನಮ್ಮ ಕ್ಲಬ್ಬುಗಳ ಗುರಿ ಪೈಲಟ್‌ಗಳನ್ನು ತಯಾರಿಸುವುದಾಗಿತ್ತು. ಬಡ ದೇಶದ ದುಡ್ಡಿನಲ್ಲಿ ಅದಕ್ಕಿಂತ ಹೆಚ್ಚು ಕೇಳುವುದು ನ್ಯಾಯವೂ ಅಲ್ಲ. ಆದರೆ ಆ ಗುರಿಯೊಳಗೆ ಹವ್ಯಾಸಿ ಎಂಬ ಮನುಷ್ಯನಿಗೆ ಜಾಗ ಸಿಗಲಿಲ್ಲ. ಹಾರಲು ಕಲಿತವನು ಕೆಲಸ ಹಿಡಿದು ಹೊರಟುಹೋದ. ಪುಷ್ಪಕ ಕ್ಲಬ್ಬಿನಲ್ಲೇ ಉಳಿಯಿತು, ಯಾರ ಮನೆಯದೂ ಆಗಲಿಲ್ಲ. ಯಾರ ಮನೆಯದೂ ಅಲ್ಲದ ವಸ್ತುವಿನ ಕಾಗದಪತ್ರಗಳನ್ನು ಯಾರೂ ಸೀಟಿನ ಹಿಂದೆ ಜೋಪಾನವಾಗಿ ಇಟ್ಟುಕೊಳ್ಳುವುದಿಲ್ಲ.

ಆದರೂ ಆ ವಿಮಾನಗಳಿಗೆ ಬಟ್ಟೆ ಹೊದಿಸಿದವರು, ಇಂಜಿನ್ ಬಿಚ್ಚಿ ಜೋಡಿಸಿದವರು, ಜಕ್ಕೂರಿನಲ್ಲಿ ಮೊದಲ ಸಲ ಒಂಟಿಯಾಗಿ ಹಾರಿ ಬಂದು ಕೈ ನಡುಗುತ್ತಲೇ ಲಾಗ್ ಪುಸ್ತಕ ಬರೆದವರು ನಮ್ಮ ನಡುವೆಯೇ ಇದ್ದಾರೆ. ಅವರ ಮನೆಯ ಅಟ್ಟದ ಟ್ರಂಕಿನಲ್ಲಿ ಹಳೆಯ ಲಾಗ್ ಪುಸ್ತಕವೋ, ಮೆಕ್ಯಾನಿಕ್ಕಿನ ಟಿಪ್ಪಣಿ ಪುಸ್ತಕವೋ, ಒಂದು ಮಸುಕು ಫೋಟೋವೋ ಇರಬಹುದು. ಸರ್ಕಾರದ ಕಡತ ಹೇಳದ ಅರ್ಧ ಇತಿಹಾಸ ಅಲ್ಲಿದೆ. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ, ನಿಮ್ಮ ಅಜ್ಜ, ಮಾವ, ಪಕ್ಕದ ಮನೆಯವರ ಬಳಿ ಅಂಥದ್ದು ಏನಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಅವರು ಇನ್ನೂ ಇದ್ದರೆ, ಈ ಭಾನುವಾರ ಹೋಗಿ ಪಕ್ಕದಲ್ಲಿ ಕುಳಿತು ಒಂದೊಂದೇ ಪುಟ ತಿರುವಿಸಿ ಕೇಳಿ, ಕೇಳಿದ್ದನ್ನು ಬರೆದಿಡಿ.