ಅಚ್ಚು ಘರ್ಷಣೆ

ಟಂಕಸಾಲೆಯ ಯಂತ್ರದಲ್ಲಿ ಮೇಲಿನ ಮತ್ತು ಕೆಳಗಿನ ಅಚ್ಚುಗಳ ನಡುವೆ ಬಂದು ಕೂರಬೇಕಾದ ಲೋಹದ ಬಿಲ್ಲೆ ಬಾರದೆ ಹೋದಾಗ ಎರಡು ಅಚ್ಚುಗಳು ನೇರವಾಗಿ ಒಂದಕ್ಕೊಂದು ಬಡಿದು, ಒಂದರ ಚಿತ್ರದ ಗುರುತು ಇನ್ನೊಂದರ ಮೈಮೇಲೆ ಉಳಿಯುವುದನ್ನು ಅಚ್ಚು ಘರ್ಷಣೆ ಎನ್ನುತ್ತಾರೆ. ಸಂಗ್ರಾಹಕರ ಬಳಕೆಯ ಮಾತಿನಲ್ಲಿ ಇದು ಡೈ ಕ್ಲ್ಯಾಶ್. ಹಾಗೆ ಗಾಯಗೊಂಡ ಅಚ್ಚು ಆಮೇಲೆ ಮುದ್ರಿಸುವ ಪ್ರತಿಯೊಂದು ನಾಣ್ಯಕ್ಕೂ ಆ ಗುರುತನ್ನು ದಾಟಿಸುವುದರಿಂದ, ಇದು ಒಂಟಿ ನಾಣ್ಯದ ದೋಷವಾಗಿರದೆ ಒಂದು ಪ್ರಭೇದವಾಗುತ್ತದೆ.

ನಾಣ್ಯದಲ್ಲಿ ಉಬ್ಬಿರುವ ಭಾಗ ಅಚ್ಚಿನಲ್ಲಿ ತಗ್ಗಾಗಿರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟರೆ ಗುರುತು ಎಲ್ಲಿ ಬೀಳುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಅಚ್ಚಿನಲ್ಲಿ ಎತ್ತರವಾಗಿರುವುದು ಚಿತ್ರದ ಸುತ್ತಲಿನ ಸಮತಟ್ಟಾದ ಬಯಲು. ಏಟು ತಾಗುವುದು ಅದಕ್ಕೆ. ಆಳವಾಗಿ ಕೊರೆದ ಕೆನ್ನೆಯಾಗಲಿ ಎದೆಯಾಗಲಿ ಎದುರಿನ ಅಚ್ಚನ್ನು ಮುಟ್ಟುವುದೇ ಇಲ್ಲ. ಆದ್ದರಿಂದ ಘರ್ಷಣೆಯ ಗೆರೆಗಳನ್ನು ಹುಡುಕಬೇಕಾದದ್ದು ಕತ್ತಿನ ಮುಂದೆ, ಗದ್ದದ ಕೆಳಗೆ, ಹಕ್ಕಿಯ ರೆಕ್ಕೆ ಮತ್ತು ಕಾಲುಗಳ ಸಂದಿಯಲ್ಲಿ. ಟಂಕಸಾಲೆಯವರು ಅಚ್ಚನ್ನು ಉಜ್ಜಿ ಗುರುತನ್ನು ಅಳಿಸಲು ಯತ್ನಿಸಿದ್ದರೂ ಇಂಥ ಮೂಲೆಗಳಲ್ಲಿ ಅದು ಉಳಿದುಕೊಂಡಿರುವುದುಂಟು.

ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರು (1878–1904, 1921) ಈ ಅಧ್ಯಯನಕ್ಕೆ ಅತ್ಯಂತ ಫಲವತ್ತಾದ ಕ್ಷೇತ್ರ. ಅದರ ಪ್ರಭೇದಗಳನ್ನು ವರ್ಗೀಕರಿಸಿದ ವ್ಯಾನ್ ಆಲೆನ್ ಮತ್ತು ಮ್ಯಾಲಿಸ್ ಅವರ ಹೆಸರುಗಳ ಮೊದಲಕ್ಷರಗಳಿಂದ ಬಂದ ‘ವ್ಯಾಮ್’ ಸಂಖ್ಯೆಗಳಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ಮುದ್ರಣಗೊಂಡ 1886, 1889 ಮತ್ತು 1891ರ ‘1ಎ’ ಪ್ರಭೇದಗಳು ವಿಶೇಷ ಬೆಲೆಯುಳ್ಳವು. ಸ್ವಾತಂತ್ರ್ಯದೇವಿಯ ತಲೆಪಟ್ಟಿಯ ಮೇಲಿನ ‘ಲಿಬರ್ಟಿ’ ಪದ ಈ ನಾಣ್ಯದಲ್ಲಿ ತಗ್ಗಾಗಿ ಕೊರೆದಂತಿದೆ, ಅಂದರೆ ಅಚ್ಚಿನಲ್ಲಿ ಅದರ ಅಕ್ಷರಗಳು ಉಬ್ಬಿದ್ದವು. ಹೀಗಾಗಿ ಆ ‘1ಎ’ ಪ್ರಭೇದಗಳಲ್ಲಿ ಇಂಗ್ಲಿಷಿನ ‘ಇ’ ಅಕ್ಷರ ಎದುರಿನ ಅಚ್ಚಿಗೆ ಚುಚ್ಚಿಕೊಂಡು, ನಾಣ್ಯದ ಹಿಮ್ಮುಖದಲ್ಲಿ ಹದ್ದಿನ ಬಾಲದ ಕೆಳಗೆ ಉಬ್ಬಾಗಿ ಮೂಡಿತು. ಘರ್ಷಣೆಯ ಗುರುತು ಯಾವಾಗಲೂ ಕನ್ನಡಿಯ ಬಿಂಬದಂತೆ ತಿರುಗಿರುತ್ತದೆ; ಆದರೆ ‘ಇ’ಯ ಮೇಲರ್ಧ ಕೆಳಗಿನ ಅರ್ಧ ಒಂದೇ ಬಗೆಯವಾದ್ದರಿಂದ ತಿರುಗಿದರೂ ಅದು ‘ಇ’ ಆಗಿಯೇ ಕಾಣುತ್ತದೆ, ಅದರ ಖ್ಯಾತಿಗೆ ಇದೂ ಒಂದು ಕಾರಣವಿರಬೇಕು. ಇಡೀ ಅಕ್ಷರ ಹೀಗೆ ದಾಟಿ ಬರುವುದು ಅಪರೂಪ.

1955ರ ಫ್ರಾಂಕ್ಲಿನ್ ಅರ್ಧ ಡಾಲರಿನಲ್ಲಿ ಹಿಮ್ಮುಖದ ಪುಟ್ಟ ಹದ್ದಿನ ರೆಕ್ಕೆಯ ಗೆರೆಗಳು ಫ್ರಾಂಕ್ಲಿನ್ನನ ಬಾಯಿಗೆ ಬಂದು ಕೂತು ಮುಂಚಾಚಿದ ಹಲ್ಲುಗಳಂತೆ ತೋರುವುದರಿಂದ, ಅದಕ್ಕೆ ವ್ಯಂಗ್ಯಚಿತ್ರದ ಮೊಲ ‘ಬಗ್ಸ್ ಬನ್ನಿ’ಯ ಹೆಸರೇ ನಿಂತಿದೆ.

ಗುರುತಿಸುವಾಗ ಆಕಾರವನ್ನು ನಂಬದೆ ಸ್ಥಾನವನ್ನು ನಂಬಬೇಕು. ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು, ನಾಣ್ಯವನ್ನು ಓರೆ ಬೆಳಕಿನಲ್ಲಿ ಮೆಲ್ಲಗೆ ತಿರುಗಿಸಿದರೆ ತೆಳುವಾದ ಗೆರೆ ಒಮ್ಮೆ ಹೊಳೆದು ಮರೆಯಾಗುತ್ತದೆ. ಅನಂತರ ಎರಡು ಮುಖಗಳ ಚಿತ್ರಗಳನ್ನು ತೆಗೆದು, ಒಂದನ್ನು ಬಿಂಬದಂತೆ ತಿರುಗಿಸಿ, ಪಾರದರ್ಶಕವಾಗಿ ಇನ್ನೊಂದರ ಮೇಲಿಟ್ಟು ನೋಡಬೇಕು. ಅಮೆರಿಕದ ನಾಣ್ಯಗಳ ಎರಡು ಮುಖಗಳು ಪರಸ್ಪರ ತಲೆಕೆಳಗಾಗಿರುವುದರಿಂದ ಈ ಹೊಂದಾಣಿಕೆ ಮೇಲುಕೆಳಗಾಗಿ ನಡೆಯುತ್ತದೆ. ಗೆರೆ ಎದುರು ಮುಖದ ಯಾವುದೋ ಅಂಚಿನ ಮೇಲೆ ಕರಾರುವಾಕ್ಕಾಗಿ ಕೂತರೆ ಮಾತ್ರ ಅದು ಘರ್ಷಣೆ, ಇಲ್ಲವಾದರೆ ಅಚ್ಚಿನ ಬಿರುಕೋ ನಾಣ್ಯದ ಗೀರೋ ಆಗಿರುತ್ತದೆ. ಎರಡು ನಾಣ್ಯಗಳನ್ನು ಹಿಡಿಕೆಯಂತ್ರದಲ್ಲಿ ಒಟ್ಟಿಗೆ ಅದುಮಿ ಮಾಡಿದ ನಕಲಿಯಲ್ಲಿಯೂ ಬಿಂಬದಂತೆ ತಿರುಗಿದ ಅಕ್ಷರಗಳಿರುತ್ತವೆ. ಆದರೆ ಅವು ನಾಣ್ಯದೊಳಕ್ಕೆ ತಗ್ಗಾಗಿ ಒತ್ತಿಕೊಂಡಿದ್ದು, ಉಬ್ಬಿದ ಚಿತ್ರದ ಮೇಲೂ ಹಾಯ್ದು ಹೋಗಿರುತ್ತವೆ, ಸ್ಥಾನವೂ ತಾಳೆಯಾಗುವುದಿಲ್ಲ.

ಜೋಡಿಯಲ್ಲದ ಅಚ್ಚುಗಳ ಘರ್ಷಣೆಯೂ ಉಂಟು. 1857ರ ಹಾರುವ ಹದ್ದಿನ ಸೆಂಟಿನ ಒಂದು ಪ್ರಭೇದದಲ್ಲಿ ಸೆಂಟಿನ ಮುಮ್ಮುಖದ ಅಚ್ಚು ಅರ್ಧ ಡಾಲರಿನ ಮುಮ್ಮುಖದ ಅಚ್ಚಿಗೇ ಬಡಿದು, ಹದ್ದಿನ ಸುತ್ತಲಿನ ಬಯಲಿನಲ್ಲಿ ಆ ಅರ್ಧ ಡಾಲರಿನ ಕುಳಿತ ಸ್ವಾತಂತ್ರ್ಯದೇವಿಯ ಹೊರಗೆರೆ ಮಸುಕಾಗಿ ಮೂಡಿದೆ. ಅಂಥ ನಾಣ್ಯದ ಪರೀಕ್ಷೆಗೆ ಅದರ ಎರಡು ಮುಖಗಳಷ್ಟೇ ಸಾಲದೆ, ಅದೇ ಅಳತೆಗೆ ತಂದ ಅರ್ಧ ಡಾಲರಿನ ಚಿತ್ರವೂ ಬೇಕಾಗುತ್ತದೆ.