ಶಾಸನೋಕ್ತ ಗಾಣ: ಒಂದು ಉಪಕರಣದ ಇತಿಹಾಸ

ಕನ್ನಡ ನಾಡಿನ ದೇವಾಲಯಗಳಲ್ಲಿ ಬೆಳಗಿದ ನಂದಾದೀವಿಗೆಗಳ ಇತಿಹಾಸವು ದಾನವಿತ್ತ ಅರಸರ ಇತಿಹಾಸ ಮಾತ್ರವಲ್ಲ. ಅದು ಗಾಣದ ಇತಿಹಾಸವೂ ಅಹುದು. ಕಲ್ಯಾಣದ ಚಾಲುಕ್ಯರ ಹಾಗೂ ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಭೂದಾನದ ವಿವರದೊಡನೆ, ದೀಪಕ್ಕಾಗಿ ಗಾಣವೊಂದಕ್ಕೆ ಇಂತಿಷ್ಟು ಎಣ್ಣೆಯೆಂಬ ಕಟ್ಟಳೆಯು ಮತ್ತೆ ಮತ್ತೆ ಕಾಣಬರುತ್ತದೆ. ಎಣ್ಣೆಯ ಕಾಯಕದವರು ಅಲ್ಲಿ ತೆಲ್ಲಿಗರೆನಿಸಿದ್ದಾರೆ. ಅವರ ಸಂಘಕ್ಕೆ ಅಯ್ವತ್ತೊಕ್ಕಲೆಂಬ ಹೆಸರುಂಟು. ಗಾಣದ ಮೇಲಣ ತೆರಿಗೆಯೇ ಗಾಣದೆರೆ.

ಒಕ್ಕಲಿಗಿಷ್ಟೆಂದಾಗಲಿ ಆಳಿಗಿಷ್ಟೆಂದಾಗಲಿ ಹೇಳದೆ ಗಾಣಕ್ಕಿಷ್ಟೆಂದು ವಿಧಿಸಿದುದೇಕೆ? ಇದಕ್ಕೆ ಉತ್ತರವನ್ನು ಉಪಕರಣದ ರಚನೆಯಲ್ಲಿಯೇ ಅರಸಬೇಕು. ನೆಲದಲ್ಲಿ ಹೂತ ಕಲ್ಲಿನ ಅಥವಾ ಮರದ ಒರಳು, ಅದರ ಕುಳಿಯಲ್ಲಿ ಓರೆಯಾಗಿ ನಿಂತು ತಿರುಗುವ ಮರದ ಒನಕೆ, ಅದಕ್ಕೆ ತಗುಲಿಸಿ ಭಾರ ಹೇರಿದ ಹಲಗೆ, ಹಲಗೆಯನ್ನೆಳೆದು ಸುತ್ತುವ ಎತ್ತು: ಇವಿಷ್ಟೇ ಎತ್ತಿನ ಗಾಣದ ಅಂಗಗಳು. ಅರೆಯುತ್ತಿರುವ ಎಳ್ಳಿಗೆ ತುಸು ನೀರು ಚಿಮುಕಿಸಿದರೆ ಹಿಂಡಿಯು ಗಟ್ಟಿಗೊಂಡು ಎಣ್ಣೆ ಬೇರ್ಪಡುತ್ತದೆ. ಅದನ್ನು ಕೆಲವು ಗಾಣಗಳಲ್ಲಿ ಬುಡದ ರಂಧ್ರದಿಂದ ಇಳಿಸುತ್ತಾರೆ. ಕೆಲವೆಡೆ ಬಟ್ಟೆಯಲ್ಲಿ ಅದ್ದಿ ಹಿಂಡಿ ತೆಗೆಯುತ್ತಾರೆ. ಬಳಿಕ ಪಾತ್ರೆಯಲ್ಲಿ ನಿಲ್ಲಿಸಿ, ಗಸಿಯು ತಳಕ್ಕಿಳಿದ ಮೇಲೆ ತಿಳಿಯನ್ನು ಬಟ್ಟೆಯಲ್ಲಿ ಸೋಸುತ್ತಾರೆ. ಕುಳಿ ಹಿಡಿದಷ್ಟೇ ಕಾಳು, ಎತ್ತು ಸುತ್ತಿದಷ್ಟೇ ಹೊತ್ತು. ಆದುದರಿಂದ ಗಾಣವೊಂದರ ದಿನದ ಹುಟ್ಟುವಳಿ ಊರಿಗೆಲ್ಲ ತಿಳಿದದ್ದೇ ಆಗಿತ್ತು. ಮರೆಮಾಚಲಾಗದ ಈ ಮಿತಿಯೇ ಗಾಣವನ್ನು ನ್ಯಾಯವಾದ ಗಣನೆಯ ಘಟಕವನ್ನಾಗಿಸಿತೆಂದು ಊಹಿಸಬಹುದು.

ಕಾಯಕ ಮತ್ತು ಉಪಕರಣಗಳ ಈ ಅಭೇದವು ವ್ಯಕ್ತಿನಾಮಗಳಲ್ಲಿಯೂ ಉಳಿದಿದೆ. ವಚನಕಾರರಲ್ಲೊಬ್ಬನಾದ ಗಾಣದ ಕಣ್ಣಪ್ಪನ ಹೆಸರೇ ಇದಕ್ಕೆ ಸಾಕ್ಷಿ. ಗಾಣದ ಕಲ್ಲಿನ ಮೇಲೆಯೇ ದಾನಿಯ ಹೆಸರನ್ನು ಕೆತ್ತಿಸಿದ ನಿದರ್ಶನಗಳೂ ನಾಡಿನಲ್ಲಿ ದೊರೆತಿವೆ.

ಈ ಮಿತಿಯನ್ನು ಮುರಿದದ್ದು ಯಂತ್ರ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಜಲಶಕ್ತಿಯ ಒತ್ತುಯಂತ್ರಕ್ಕೆ ಹಕ್ಕುಪತ್ರ ಪಡೆದನು; ಅಮೆರಿಕದ ಆಂಡರ್ಸನ್ನನ ಎಕ್ಸ್‌ಪೆಲ್ಲರ್ 1900ರಲ್ಲಿ ಹಕ್ಕುಪತ್ರ ಪಡೆಯಿತು. ತಿರುಪಿನ ಒತ್ತಡದಿಂದ ಬಿಡುವಿಲ್ಲದೆ ಎಣ್ಣೆ ಹಿಂಡುವ ಈ ಯಂತ್ರಕ್ಕೆ ಎತ್ತಿನ ದಣಿವಿಲ್ಲ. ಹಿಂಡಿಯಲ್ಲಿ ಉಳಿಯುವ ಎಣ್ಣೆಯೂ ಕಡಿಮೆ. ಗಸಿ ತೆಗೆಯಲು ಪದರ ಪದರವಾಗಿ ಬಟ್ಟೆ ಜೋಡಿಸಿದ ಸೋಸುಯಂತ್ರ ಬಂದಿತು. 1934ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಸ್ಥಾಪಿತವಾದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವು ವಾರ್ಧಾದಲ್ಲಿ ಗಾಣವನ್ನು ಸುಧಾರಿಸಲು ಯತ್ನಿಸಿತಾದರೂ ಎತ್ತಿನ ಗಾಣವು ಬಹುಮಟ್ಟಿಗೆ ಮರೆಯಾಯಿತು. ಕೊಳ್ಳೇಗಾಲದಲ್ಲಿ ಜನಿಸಿದ ತೈಲವಿಜ್ಞಾನಿ ಕೆ. ಟಿ. ಅಚಯ ಅವರು ಭಾರತದ ಗಾಣವನ್ನು ಕುರಿತೇ 1993ರಲ್ಲಿ ಗ್ರಂಥ ಪ್ರಕಟಿಸಿದರು.

ಇಂದು ಮೋಟಾರಿನಿಂದ ತಿರುಗುವ ಮರದ ಗಾಣಗಳು ಪೇಟೆಗಳಲ್ಲಿ ಮತ್ತೆ ಕಾಣಿಸಿಕೊಂಡಿವೆ. ಎಣ್ಣೆಯ ರುಚಿ ಅದರಿಂದ ಮರಳಿರಬಹುದು; ಗಾಣಕ್ಕೂ ಊರಿಗೂ ಇದ್ದ ಲೆಕ್ಕದ ಸಂಬಂಧ ಮಾತ್ರ ಮರಳದು. ಅದನ್ನು ತಿಳಿಸಬಲ್ಲವು ಶಾಸನಗಳು ಮತ್ತು ಹಳೆಯ ಗಾಣದ ಕಲ್ಲುಗಳು. ಒಡೆದ ಒರಳೆಂದು ಹೊಲದ ಬದುವಿಗೆ ಎಸೆದ ಕಲ್ಲಿನ ಅಂಚಿನಲ್ಲಿ ಅಕ್ಷರಗಳಿರಬಹುದು. ಅವನ್ನು ಓದಿಸಿ ಕಾಪಾಡುವುದು, ದೀಪಕ್ಕೆ ಎಣ್ಣೆಯೆರೆದ ಹೆಸರಿಲ್ಲದ ತೆಲ್ಲಿಗರಿಗೆ ಸಲ್ಲಬೇಕಾದ ಋಣ.