ಮೇಣ ಬಿಡಿಸಿದ ಬಟ್ಟೆ: ಬಾಟಿಕ್‌ನ ಉಳಿದರ್ಧ

ಬಟ್ಟೆಗೆ ಅಂಟಿದ ಮೇಣವನ್ನು ತೆಗೆಯಲು ಇರುವ ದಾರಿ ಮೂರೇ: ಗಟ್ಟಿಯಾದದ್ದನ್ನು ಕೆರೆಯುವುದು, ಬಿಸಿ ತಾಗಿಸಿ ಇಳಿಸುವುದು, ಇಲ್ಲವೇ ಟರ್ಪೆಂಟೈನ್‌ನಂಥ ದ್ರವದಲ್ಲಿ ಕರಗಿಸುವುದು. ಇವುಗಳಲ್ಲಿ ಮೊದಲಿನ ಎರಡನ್ನು ಕಸುಬಿನ ಎತ್ತರಕ್ಕೆ ಒಯ್ದವರು ಜಾವಾ ದ್ವೀಪದ ಬಾಟಿಕ್ ಕೆಲಸಗಾರರು. ಬಾಟಿಕ್ ಎಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವುದು ಚಾಂಟಿಂಗ್, ಅಂದರೆ ಬಿಸಿ ಮೇಣ ತುಂಬಿಕೊಂಡು ಸಣ್ಣ ಕೊಳವೆಯಿಂದ ಗೆರೆ ಎಳೆಯುವ ತಾಮ್ರದ ಲೇಖನಿ. ಬರೆದ ಮೇಣವನ್ನು ಬಿಡಿಸುವ ಕೈಗಳ ಮಾತು ಬರುವುದು ಕಡಿಮೆ. ಆದರೆ ಯಾವ ಬಣ್ಣ ಮೊದಲು, ಯಾವುದು ಆಮೇಲೆ, ಮೇಣಕ್ಕೆ ಏನು ಬೆರೆಸಬೇಕು, ಒಂದೂರಿನ ಬಟ್ಟೆ ಇನ್ನೊಂದೂರಿನದಕ್ಕಿಂತ ಏಕೆ ಬೇರೆ ಎಂಬುದನ್ನೆಲ್ಲ ಬಹುಪಾಲು ತೀರ್ಮಾನಿಸಿದ್ದು ಮೇಣ ಬಿಡಿಸುವ ಬಗೆಯೇ.

ಈ ವಿದ್ಯೆ ಜಾವಾದ್ದು ಮಾತ್ರವಲ್ಲ. ಕೋರಮಂಡಲ ತೀರದ ಚಿತ್ರ ಬರೆದ ಹತ್ತಿ ಬಟ್ಟೆಗಳಿಗೆ ಯುರೋಪು ಮರುಳಾಗಿದ್ದ ಕಾಲದಲ್ಲಿ, ಕ್ರೈಸ್ತ ಪಾದ್ರಿ ಗ್ಯಾಸ್ಟೋನ್ ಕೋರ್ಡೂ 1742ರ ಪತ್ರವೊಂದರಲ್ಲಿ ಆ ಬಣ್ಣಗಾರರ ಕೆಲಸವನ್ನು ಹಂತ ಹಂತವಾಗಿ ಬರೆದಿಟ್ಟ. ಅವರಿಗೆ ಮೇಣ ಬೇಕಾಗಿದ್ದು ಮುಖ್ಯವಾಗಿ ನೀಲಿಗೆ. ನೀಲಿಯ ತೊಟ್ಟಿಗೆ ಕುದಿ ಬೇಕಿಲ್ಲ, ಅದರಲ್ಲಿ ಅದ್ದಿದರೂ ಮೇಣ ಅಲುಗುವುದಿಲ್ಲ. ಚಾಯ ಬೇರಿನ ಕೆಂಪಿಗೆ ಬಟ್ಟೆಯನ್ನು ಕುದಿಸಲೇಬೇಕು, ಆ ಕುದಿಯಲ್ಲಿ ಮೇಣ ನಿಲ್ಲದು. ಹಾಗಾಗಿ ನೀಲಿ ಬೇಕಾದ ಜಾಗವಷ್ಟನ್ನು ಬಿಟ್ಟು ಉಳಿದೆಲ್ಲ ಬಟ್ಟೆಗೆ ಮೇಣ ಬಳಿದು, ತೊಟ್ಟಿಯಲ್ಲಿ ಅದ್ದಿ, ಕುದಿನೀರಿನಲ್ಲಿ ಮೇಣ ಇಳಿಸಿದ ಮೇಲೆಯೇ ಉಳಿದ ಬಣ್ಣಗಳ ಸರದಿ.

ಜಾವಾದ ಒಳನಾಡಿನ ಅರಮನೆ ಪಟ್ಟಣಗಳಾದ ಸೋಲೋ ಮತ್ತು ಯೋಗ್ಯಕರ್ತಗಳಲ್ಲಿ ಇದೇ ತೊಡಕಿಗೆ ಹೆಚ್ಚು ನಾಜೂಕಾದ ಪರಿಹಾರ ಸಿಕ್ಕಿತು. ಅಲ್ಲಿ ಎರಡು ಬಗೆಯ ಮೇಣ. ಗೆರೆಗಳಿಗೆ ಬಳಸುವುದು ಕ್ಲೊವೊಂಗ್, ಕೆರೆದರೆ ಚಕ್ಕೆಯಾಗಿ ಏಳುವಂಥದು. ಕೊನೆಯವರೆಗೂ ಬಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ಟೆಂಬೊಕ್, ಬಿಡದೆ ಅಂಟಿಕೊಳ್ಳುವ ಮೇಣ. ಜೇನುಮೇಣ, ಮರದ ರಾಳ, ದನದ ಕೊಬ್ಬು ಇವುಗಳ ಪಾಕದಲ್ಲಿ ಆಗುವ ಹೆಚ್ಚುಕಡಿಮೆಯಿಂದ ಈ ಗುಣಭೇದ ಬರುತ್ತದೆ. ರಾಳ ಅಂಟನ್ನು ಕೊಡುತ್ತದೆ. ಕೊಬ್ಬು ಪಾಕವನ್ನು ಮೃದುವಾಗಿಸಿ ಬೇಗ ಕರಗುವಂತೆ ಮಾಡುತ್ತದೆ. ಬಟ್ಟೆಯನ್ನು ಮೊದಲು ನೀಲಿಯಲ್ಲಿ ಅದ್ದಿ, ಆಮೇಲೆ ಕ್ಲೊವೊಂಗ್ ಗೆರೆಗಳನ್ನು ಮೊಂಡು ತಗಡಿನಿಂದ ಕೆರೆದು ತೆಗೆಯುತ್ತಾರೆ. ಈ ಕೆಲಸದ ಹೆಸರು ಕೆರೊಕ್, ಕನ್ನಡದ ಕಿವಿಗೆ ತಟ್ಟನೆ ಪರಿಚಿತವೆನಿಸುವ ಪದ. ಬಟ್ಟೆಯ ಎರಡು ಮಗ್ಗುಲಿಗೂ ಮೇಣ ಬರೆದಿರುವುದರಿಂದ ಕೆರೆತವೂ ಎರಡು ಮಗ್ಗುಲಿಗೆ ಆಗಬೇಕು. ಒತ್ತಡ ಹೆಚ್ಚಾದರೆ ನೂಲು ಹರಿಯುತ್ತದೆ, ಕಡಿಮೆಯಾದರೆ ಬಣ್ಣ ಕೂರುವುದಿಲ್ಲ. ಹೀಗೆ ತೆರೆದ ಗೆರೆಗಳು ಸೋಗದ ಕಂದನ್ನು ಕುಡಿಯುತ್ತವೆ. ಸೋಗ ಬಣ್ಣಕ್ಕೆ ಸೇರುವ ತೊಗಟೆಗಳಲ್ಲಿ ಒಂದು, ಬೆಂಗಳೂರಿನ ರಸ್ತೆಗಳ ಇಕ್ಕೆಲದಲ್ಲಿ ಹಳದಿ ಹೂ ಸುರಿಸುವ ಕಾಪರ್‌ಪಾಡ್ ಮರದ್ದು.

ಕೊನೆಯದು ಲೊರೊಡ್: ಹಂಡೆಯ ಕುದಿನೀರಿನಲ್ಲಿ ಬಟ್ಟೆಯನ್ನು ಮುಳುಗಿಸಿ ಎತ್ತುವ ಕೆಲಸ. ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಕುದಿನೀರಿಗೆ ಅದನ್ನು ಕರಗಿಸುವುದು ಕಷ್ಟವಲ್ಲ. ಕಷ್ಟವಿರುವುದು ಕರಗಿ ತೇಲಿದ ಮೇಣ ಬಟ್ಟೆಯನ್ನು ಮೇಲೆತ್ತುವಾಗ ಮತ್ತೆ ಹತ್ತಿಕೊಳ್ಳದಂತೆ ತಡೆಯುವುದರಲ್ಲಿ. ಅದಕ್ಕೆಂದೇ ನೀರಿಗೆ ಗಂಜಿಯನ್ನೋ ಸೋಡಾವನ್ನೋ ಬೆರೆಸುತ್ತಾರೆ. ಸೋಡಾ ರಾಳವನ್ನೂ ಜೇನುಮೇಣದ ಒಂದಂಶವನ್ನೂ ಸಾಬೂನಾಗಿ ಮಾರ್ಪಡಿಸುತ್ತದೆ. ಮಿಕ್ಕ ಮೇಣ ಆ ಸಾಬೂನಿನೊಡನೆ ನೀರಿಗೆ ಜಾರುತ್ತದೆ. ಬಿಸಿಯಿಂದ ತೆಗೆದ ಬಟ್ಟೆಯನ್ನು ತಣ್ಣೀರಿನಲ್ಲಿ ಜಾಲಿಸಿದಾಗ ಉಳಿದ ಕಣಗಳು ಗಟ್ಟಿಯಾಗಿ ಉದುರುತ್ತವೆ. ತಿಂಗಳುಗಟ್ಟಲೆ ಕಪ್ಪು ಮೇಣದಡಿ ಮುಚ್ಚಿಹೋಗಿದ್ದ ಚಿತ್ರ ಮೊದಲ ಬಾರಿಗೆ ಇಡಿಯಾಗಿ ಕಾಣುವುದು ಈ ಹಂಡೆಯ ಬದಿಯಲ್ಲಿ. ತೇಲಿದ ಮೇಣವನ್ನು ಬಳಿದು, ಸೋಸಿ, ಹೊಸ ಪಾಕಕ್ಕೆ ಸೇರಿಸುತ್ತಾರೆ. ಜೇನುಮೇಣ ತಿಮೋರ್‌ನಂಥ ದೂರದ ದ್ವೀಪಗಳಿಂದ ಹಡಗಿನಲ್ಲಿ ಬರಬೇಕಾಗಿದ್ದ ಕಾಲದಲ್ಲಿ ಇದು ಸಣ್ಣ ಉಳಿತಾಯವಾಗಿರಲಿಲ್ಲ.

ಉತ್ತರ ಕರಾವಳಿಯ ಪೆಕಲೊಂಗನ್, ಲಾಸೆಮ್‌ಗಳಲ್ಲಿ ಕೆರೆಯುವ ಪದ್ಧತಿ ಅಷ್ಟಾಗಿ ಬೇರೂರಲಿಲ್ಲ. ಅಲ್ಲಿ ಒಂದೊಂದು ಬಣ್ಣ ಮುಗಿದಾಗಲೂ ಮೇಣವನ್ನು ಪೂರ್ತಿ ಕುದಿಸಿ ತೆಗೆದು, ಹೊಸದಾಗಿ ಬರೆಯುತ್ತಿದ್ದರು. ದುಡಿಮೆ ಹೆಚ್ಚು, ಆದರೆ ಬಣ್ಣಗಳಿಗೆ ಸ್ವಾತಂತ್ರ್ಯವೂ ಹೆಚ್ಚು. ಒಳನಾಡಿನ ನೀಲಿ, ಕಂದು, ಕೆನೆಬಿಳಿಯ ಗಾಂಭೀರ್ಯಕ್ಕೂ ಕರಾವಳಿಯ ಕೆಂಪು, ಹಸಿರು ಹೂಗಳ ಸಡಗರಕ್ಕೂ ಅರಮನೆಯ ಕಟ್ಟಳೆ, ಚೀನೀ ಮತ್ತು ಡಚ್ ಗಿರಾಕಿಗಳ ರುಚಿ ಮುಂತಾದ ಕಾರಣಗಳಿವೆ. ಅವುಗಳ ಸಾಲಿನಲ್ಲಿ ಈ ಹಂಡೆಯನ್ನೂ ಎಣಿಸಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಾಫಿನ್ ಬಂತು. 1830ರಲ್ಲಿ ಜರ್ಮನಿಯ ಕಾರ್ಲ್ ರೈಷೆನ್‌ಬಾಖ್ ಬೇರ್ಪಡಿಸಿದ ಈ ವಸ್ತು ಮೇಣದಬತ್ತಿಯ ಬೆಲೆಯನ್ನು ಇಳಿಸಿದಂತೆಯೇ ಬಾಟಿಕ್ ಪಾಕವನ್ನೂ ಅಗ್ಗವಾಗಿಸಿತು. ಅದು ಸುಲಭವಾಗಿ ಬಿರುಕು ಬಿಡುತ್ತದೆ, ಸೋಡಾಕ್ಕೆ ಮಾತ್ರ ಜಗ್ಗುವುದಿಲ್ಲ. ಬಿರುಕಿನಲ್ಲಿ ಇಳಿದ ಬಣ್ಣದ ಎಳೆಗಳನ್ನು ಜಾವಾದ ಕುಶಲಿಗರು ಕೈತಪ್ಪೆಂದು ಭಾವಿಸುತ್ತಿದ್ದರು.

ಅದೇ ತಪ್ಪು ಬೇರೊಂದು ಖಂಡದಲ್ಲಿ ಚೆಲುವಾಯಿತು. ಹೊಲೆಂಡಿನ ಗಿರಣಿಗಳು ಜಾವಾದ ಮಾರುಕಟ್ಟೆಗೆಂದು ಬಾಟಿಕ್ಕಿನ ನಕಲು ತಯಾರಿಸಲು ಹೊರಟವು. ಹಾರ್ಲೆಮ್‌ನ ಪ್ರೆವಿನೇರ್ ಗಿರಣಿ 1850ರ ದಶಕದಲ್ಲಿ ಮೇಣದ ಬದಲು ಬಿಸಿ ರಾಳವನ್ನು ಬಟ್ಟೆಯ ಎರಡು ಮಗ್ಗುಲಿಗೂ ಅಚ್ಚೊತ್ತುವ ಯಂತ್ರ ರೂಪಿಸಿತು. ರಾಳ ಸೀಳಿತು, ಎಷ್ಟು ತೊಳೆದರೂ ಅಲ್ಲಲ್ಲಿ ಚುಕ್ಕೆಯಾಗಿ ಉಳಿದು ಮುಂದಿನ ಬಣ್ಣಕ್ಕೆ ಅಡ್ಡ ನಿಂತಿತು. ಜಾವಾದವರಿಗೆ ಅದು ಹಿಡಿಸಲಿಲ್ಲ. ಪಶ್ಚಿಮ ಆಫ್ರಿಕಾದವರು ಒಂದು ಗಜ ಇನ್ನೊಂದರಂತಿಲ್ಲದ ಆ ಬಟ್ಟೆಯನ್ನೇ ಮೆಚ್ಚಿದರು. ಗ್ಲಾಸ್ಗೋದ ವರ್ತಕ ಎಬೆನೆಜರ್ ಬ್ರೌನ್ ಫ್ಲೆಮಿಂಗ್ 1890ರ ದಶಕದಲ್ಲಿ ಅದನ್ನು ಇಂದಿನ ಘಾನಾದ ಕರಾವಳಿಯಲ್ಲಿ ಮಾರಿ ಬೆಳೆದ. 1846ರಲ್ಲಿ ಹೊಲೆಂಡಿನ ಹೆಲ್ಮಂಡ್‌ನಲ್ಲಿ ಆರಂಭವಾದ ವ್ಲಿಸ್ಕೊ ಗಿರಣಿಯಲ್ಲಿ ರಾಳವನ್ನು ಪೂರ್ತಿ ತೆಗೆಯದೆ ಗುಳ್ಳೆಯಂಥ ಆ ಚುಕ್ಕೆಗಳನ್ನು ಬೇಕೆಂದೇ ಉಳಿಸುವ ಪದ್ಧತಿ ಹೀಗೆ ನೆಲೆಯೂರಿತು.

ಭಾರತದಲ್ಲಿ ಹೊಸಗಾಲದ ಬಾಟಿಕ್‌ಗೆ ನೆಲೆಯಾದದ್ದು ಶಾಂತಿನಿಕೇತನ; ರವೀಂದ್ರನಾಥ ಠಾಕೂರರು 1927ರಲ್ಲಿ ಜಾವಾಕ್ಕೆ ಹೋಗಿಬಂದದ್ದು ಅದಕ್ಕೆ ಬಲ ತಂದಿತು. ಹಂಡೆ ಹೂಡಲು ಜಾಗವಿಲ್ಲದ ಮನೆ, ಶಾಲೆಗಳಲ್ಲಿ ಬಟ್ಟೆಯನ್ನು ಹಳೆ ಪತ್ರಿಕೆಗಳ ನಡುವೆ ಇಟ್ಟು ಇಸ್ತ್ರಿ ಮಾಡುವ ರೂಢಿ ಹಬ್ಬಿತು. ಮೇಜುಹಾಸಿಗೆ ಮೇಣದಬತ್ತಿ ತೊಟ್ಟಿಕ್ಕಿದಾಗ ಮಾಡುವುದೂ ಇದನ್ನೇ: ಗಟ್ಟಿಯಾದದ್ದನ್ನು ಕೆರೆದು, ಕಾಗದವಿಟ್ಟು, ಅದು ಹೀರಿಕೊಳ್ಳುವವರೆಗೆ ಕಾಗದ ಬದಲಿಸುತ್ತ ಬಿಸಿ ಒತ್ತುವುದು. ಕಾಗದ ಎಷ್ಟು ಹೀರಿದರೂ ನೂಲಿನೊಳಗೆ ತೆಳುವಾದ ಜಿಡ್ಡು ನಿಲ್ಲುತ್ತದೆ, ಬಟ್ಟೆ ಬಿರುಸಾಗುತ್ತದೆ, ಅಂಚಿನಲ್ಲಿ ಎಣ್ಣೆಯ ನೆರಳು ಕಾಣುತ್ತದೆ. ಆದ್ದರಿಂದ ಉಡುವ ಬಟ್ಟೆಯಾದರೆ ಇಸ್ತ್ರಿಯ ನಂತರವೂ ಅದು ಒಮ್ಮೆ ಸೋಡಾ ಬೆರೆತ ಬಿಸಿನೀರಿಗೆ ಇಳಿಯಲೇಬೇಕು. ಸೋಡಾ ತಾಳದ ರೇಷ್ಮೆಯಾದರೆ ಸೌಮ್ಯ ಸಾಬೂನಿನ ನೀರಿಗೆ.